ತೂಕ

ಬಾಳಿಗರ ಅಂಗಡಿ ಭವಂತಿ ಬೀದಿಯಲ್ಲಿ,
ತಕ್ಕಡಿ ರಿಪೇರಿಯವರ ತಲೆಯ ಮೇಲೆ.
ಮರದ ಕಡಿದಾದ ಮೆಟ್ಟಿಲು, ಹಗ್ಗ ಹಿಡಿದು ಹತ್ತಬೇಕು.
ನನ್ನ ಕಂಕುಳಲ್ಲಿ ಪ್ರಿಸಿಲ್ಲಾ ದೊಡ್ಡಮ್ಮನ ಆಲ್ಬಮ್ಮು,
ಚೀಲದಲ್ಲಿ ಮಾಲ್ಟಿನ ಡಬ್ಬಿ ತುಂಬ ಬಿಡಿ ಅಂಚೆಚೀಟಿ.
ನನಗಿದರ ಗಂಧಗಾಳಿ ಇಲ್ಲ.

"ಎಷ್ಟು ಬರಬಹುದು?" ಎಂದೆ, ಕೂರುವ ಮೊದಲೇ.

ಮೊಜಾಂಬಿಕಿನ ಚಿಟ್ಟೆಗಳು. ಟಾಂಗಾನಿಕದ ಜಿರಾಫೆ
(ಆ ಹೆಸರಿನ ದೇಶವೇ ಈಗ ಇಲ್ಲವಂತೆ).
ಹಸಿ ಗೇರುಬೀಜದ ಮೂಟೆ ಬಂದರಿಗೆ ಮುಟ್ಟುವ ಮುಂಚೆ
ಕಾರ್ಖಾನೆಗೆ ಬರುತ್ತಿದ್ದ ಕಾಗದಗಳು;
ಕಸದ ಬುಟ್ಟಿಯಿಂದ ಹೆಕ್ಕಿ, ಮೂಲೆ ಕತ್ತರಿಸಿ,
ಚೊಂಬಿನಲ್ಲಿ ನೆನೆಸಿ, ಬೈಬಲಿನ ಭಾರಕ್ಕೆ ಒಣಗಿಸಿದ್ದು.
"ಲಕೋಟೆಗಳು?"
ಬಚ್ಚಲ ಒಲೆಗೆ ಹೋದವು, ಎಂದೆ.
ಬಾಳಿಗರು ಹಲ್ಲುನೋವು ಬಂದವರಂತೆ ಕಣ್ಣು ಮುಚ್ಚಿದರು.

"ಎಲ್ಲದಕ್ಕೂ ಕಪ್ಪು ಕಲೆ. ಎಂತ ಮಾರಾಯ್ರೆ ಇದು, ಡಾಂಬರೇ?"
ಹತ್ತಿಗೆ ಬೆಂಜೀನು ಅದ್ದಿ ಒಂದು ಚಿಟ್ಟೆಯ ರೆಕ್ಕೆ ಒರೆಸಿದರು.
ಹೋಗಲಿಲ್ಲ.
ಗೇರೆಣ್ಣೆ ಹೋಗುವುದಿಲ್ಲ.
ಬೋಳೂರಿನಲ್ಲಿ ಹನ್ನೊಂದು ವರ್ಷ ಚಿಪ್ಪು ಒಡೆದ ಬೆರಳು;
ಕರ್ತನ ಭೋಜನದ ರೊಟ್ಟಿ ತುಂಡಿಗೂ
ದೊಡ್ಡಮ್ಮ ಸೆರಗಿನ ಮರೆಯಲ್ಲಿ ಕೈ ಚಾಚುತ್ತಿದ್ದಳು.

ಮೂವತ್ತೆಂಟನೆಯ ಪುಟದಲ್ಲಿ ಕಲೆ ಕಂದು.
ನಲವತ್ತರಲ್ಲಿ ಚಾ ಬಣ್ಣ.
ನಲವತ್ತೆರಡರಿಂದ ಮುಂದೆ ಏನೂ ಇಲ್ಲ.
"ಇಲ್ಲಿಂದ ಚಿಮಟ ಹಿಡಿದಿದ್ದಾರೆ ನೋಡಿ!" ಅವರಿಗೆ ಖುಷಿ.
ಮನೆಯಲ್ಲಿ ಚಿಮಟ ಇರಲೇ ಇಲ್ಲ.
ಅದು ಅವಳನ್ನು ಆಫೀಸಿನ ಫೈಲು ಹೊಲಿಯಲು ಕೂರಿಸಿದ ವರ್ಷ,
ಹಳೆ ಚರ್ಮ ಸುಲಿದು ಹೊಸದು ಬರಲು
ಒಂದು ಪೂರ್ತಿ ಮಳೆಗಾಲ ಹಿಡಿಯಿತು.
ಹೇಳಬಹುದಿತ್ತು.
ಚಿಮಟಕ್ಕೇ ಬೆಲೆ ಜಾಸ್ತಿ ಅನಿಸಿ ಸುಮ್ಮನಿದ್ದೆ.

ಶುಭ್ರವಾದವಕ್ಕೆ ಒಂದೊಂದಾಗಿ ಎಣಿಸಿ ಎರಡು ಸಾವಿರದ ಆರುನೂರು.
ಕಲೆಯವನ್ನೆಲ್ಲ ಕಿತ್ತು ಬಿಡಿ ಚೀಟಿಗಳ ಜೊತೆ ಸೇರಿಸಿ,
ಡಬ್ಬಿಯನ್ನು ದಾರದಲ್ಲಿ ಕಿಟಕಿಯಿಂದ ಕೆಳಗಿಳಿಸಿದರು:
"ಶೇಕುಂಞಿ ಬ್ಯಾರಿಗಳೇ, ಸ್ವಲ್ಪ ತೂಗಿ."
ಬೀದಿಯ ಗಲಾಟೆಯ ನಡುವಿನಿಂದ ಉತ್ತರ ಬಂತು,
"ನಾನೂರ ಹತ್ತು ಗ್ರಾಂ. ಡಬ್ಬಿ ಬಿಟ್ಟು!"

ದೊಡ್ಡಮ್ಮನ ಕೂಲಿಯೂ ತೂಕದಲ್ಲೇ.
ಇಡೀ ಬೀಜಕ್ಕೆ ಒಂದು ದರ, ಒಡೆದದ್ದಕ್ಕೆ ಇನ್ನೊಂದು.
ಶನಿವಾರ ಸಂಜೆ ತಕ್ಕಡಿಯ ಮುಳ್ಳನ್ನು
ಅವಳು ಹೇಗೆ ನೋಡುತ್ತಿದ್ದಳೋ ನಾ ಕಂಡಿಲ್ಲ.
ನಾನಂತೂ ಚೌಕಾಶಿ ಮಾಡಿದೆ. ನೂರು ರೂಪಾಯಿ ಏರಿತು.

ಇಳಿಯುವಾಗ ಹಗ್ಗವನ್ನು ಸರಿಯಾಗಿ ನೋಡಿದೆ.
ಯಾರ್ಯಾರೋ ಹಿಡಿದು ಹಿಡಿದು
ಕೈಗೆ ಸಿಗುವಷ್ಟು ಉದ್ದವೂ ಕಪ್ಪಾಗಿತ್ತು,
ನುಣುಪಾಗಿ, ಒಂಚೂರು ಬೆಚ್ಚಗೆ.