ತಾಯತ

ಶಾರ್ಜಾದ ಹತ್ತನೇ ಇಂಡಸ್ಟ್ರಿಯಲ್ ಏರಿಯಾ.
ಟಯರಿನಂಗಡಿಗೂ ಕಡಕ್ ಚಾದ ಕಿಟಕಿಗೂ ನಡುವೆ
ನಮ್ಮ ಟೈಪಿಂಗ್ ಸೆಂಟರು. ಏಸಿಯ ಕೆಳಗೊಂದು ಬಕೆಟ್ಟು.
ವೀಸಾ, ಬಾಡಿಗೆ ಕರಾರು, ಜನನಪತ್ರ,
ಯಾರು ಏನು ಹೇಳಿದರೂ ಅರಬ್ಬಿಯಲ್ಲಿ ಕುಟ್ಟುವುದು
ನನ್ನ ಹೊಟ್ಟೆಪಾಡು.

ಬಾಗಿಲನ್ನು ಭುಜದಿಂದ ನೂಕಿ ಬಂದವನು
ಗೋಡೆಯ ಕ್ಯಾಲೆಂಡರಿನ ಕನ್ನಡ ಅಂಕಿ ನೋಡಿ
'ನಮ್ಮ ಕಡೇರೇನ್ರಿ ಅಕ್ಕೋರೆ?' ಅಂದ.
ಶಿರ್ವಕ್ಕೂ ಭಾಲ್ಕಿಗೂ ನಡುವೆ
ಒಂದು ಹಗಲು ಒಂದು ರಾತ್ರಿಯ ಬಸ್ಸು;
ಮನೆಯಲ್ಲಿ ನಾವು ಕೊಂಕಣಿ.
ಹೌದು, ನಿಮ್ಮ ಕಡೆಯವಳೇ, ಅಂದೆ.

ಹೆಸರು: ಮಾಣಿಕ ಘಾಳೆಪ್ಪ. ಪೈಪ್ ಯಾರ್ಡಿನಲ್ಲಿ ರಿಗ್ಗರ್.
ಗಾಯದ ದಿನಾಂಕ?
'ಅಮಾಸಿ ಮರದಿನ್ರಿ.'
ಕ್ಯಾಲೆಂಡರನ್ನು ಮೂರು ಹಾಳೆ ಹಿಂದಕ್ಕೆ ಮಗುಚಿ
ಫೆಬ್ರವರಿ ಹದಿನೆಂಟು ಎಂದು ತುಂಬಿದೆ.

ಹೇಗಾಯಿತು? ಅದಕ್ಕೆ ಫಾರ್ಮಿನಲ್ಲಿ ಎರಡೂವರೆ ಗೆರೆ ಜಾಗ.
'ಕ್ರೇನಿನ ಪಟ್ಟಾ ಹರದಿತ್ರಿ. ಎಳಿ ಎಳಿ ಹೊರಗ ಬಂದಿದ್ವು,
ನಮ್ಮವ್ವನ ಹಳೇ ಸೀರಿ ಅಂಚಿನಂಗ.
ಮೂರು ಸರ್ತಿ ಹೇಳೀನಿ ಫೋರ್ಮನ್‌ಗ.
ಕಲ್ ದೇಖೇಂಗೆ ಅಂದ.
ಆ ಕಲ್ ಬಂತಲ್ರಿ.'

ಅಷ್ಟನ್ನೂ ಒಂದು ಪದಕ್ಕಿಳಿಸಿ ಇಹ್ಮಾಲ್ ಎಂದು ಬರೆದೆ.
ನಿರ್ಲಕ್ಷ್ಯ. ಸೀರೆಯ ಅಂಚು ಬಿಟ್ಟುಹೋಯಿತು.

ಕಂಪನಿಯ ಕಾಗದ ಅವನ ಪ್ಲಾಸ್ಟಿಕ್ ಕವರಿನಲ್ಲೇ ಇತ್ತು:
ಕಾರ್ಮಿಕ ಕೈಗವಸು ಧರಿಸಿರಲಿಲ್ಲ.
ಕೆಳಗೆ ಅವನದೇ ಹೆಬ್ಬೆಟ್ಟು, ಎಡಗೈಯದು,
ಆಸ್ಪತ್ರೆಯ ಮಂಪರಿನಲ್ಲಿ ಒತ್ತಿಸಿಕೊಂಡದ್ದು.

ಏನು ಕೇಳುತ್ತೀರಿ ಎಂಬ ಕಾಲಮ್ಮಿಗೆ ಬಂದಾಗ
ಅರಬ್ಬಿ ಪದವನ್ನು ಬಾಯಿಬಿಟ್ಟೇ ಓದಿಬಿಟ್ಟೆ: ತಅವೀದ್.
'ತಾಯ್ತಾ?
ಅದು ಅದರಿ ನನ್ ಬಲ್ಲಿ.'
ಬಲತೋಳಿನ ಅಂಗಿ ಮೇಲೆ ಸರಿಸಿದ.
ಕಪ್ಪು ದಾರ, ಬೆವರಿಗೆ ಬಣ್ಣಗೆಟ್ಟ ತಾಮ್ರದ ಕೊಳವೆ,
ವಿಮಾನ ಹತ್ತುವ ಮೊದಲು ದರ್ಗಾದಲ್ಲಿ ಅವ್ವ ಕಟ್ಟಿಸಿದ್ದು.
ಅದರ ಕೆಳಗೆ ಮೊಣಕೈ, ಮಣಿಕಟ್ಟು, ಆಮೇಲೆ
ಹೆಬ್ಬೆರಳು ಮತ್ತು ಕಿರುಬೆರಳು. ನಡುವೆ ಹೊಲಿಗೆ.

ಅದಲ್ಲ ಮಾರಾಯ, ಇದು ಪರಿಹಾರ, ಅಂದೆ.
'ಅದನ್ನೂ ಅದಕ್ಕೇ ಕಟ್ಟೋದಲ್ರಿ.'
ಮತ್ತೆ ತನ್ನಷ್ಟಕ್ಕೆ:
'ಪೈಪು ಇಲ್ಲೀತನಕ ಬರಲಿಲ್ಲ ನೋಡ್ರಿ.
ಇದರ ತಾಕತ್ತು ಇಷ್ಟೇ ಇತ್ತೇನೋ.'

ಎಷ್ಟು ಸಿಗುತ್ತದೆಂದು ನಾನು ಹೇಳಲಾರೆ,
ಡಾಕ್ಟರರ ಸಮಿತಿ ಕೈ ನೋಡಿ
ಶೇಕಡಾ ಇಷ್ಟು ಹೋಗಿದೆ ಎಂದು ಬರೆಯುತ್ತದೆ, ಅಂದೆ.
'ರೊಟ್ಟಿ ಮುರೀಲಾಕ ಬರ್ತದರಿ, ಎಡಗೈಲೆ.
ಗುಂಡಿ ಹಾಕ್ಕೋಲಾಕ ಬರಲ್ಲ.
ಅದಕ್ಕೆಷ್ಟು ಬರೀತಾರ?'

ಆಮೇಲೆ ಕವರಿನ ತಳದಿಂದ
ಪೇಪರಿನಲ್ಲಿ ಸುತ್ತಿದ ಒಂದು ಗ್ಲೌಸು ತೆಗೆದ.
ಬಲಗೈಯದು. ರಟ್ಟಿನಂತೆ ಸೆಟೆದಿತ್ತು.
'ಜೋಡಿದಾರ ಕಸದ ಡಬ್ಬಿಯಿಂದ ಆರಿಸಿ ತಂದಾನ್ರಿ.
ಅವನ್ನ ನೇಪಾಳಕ್ಕ ಕಳಿಸಿಬಿಟ್ರು.'
ಇಲ್ಲಿಂದ ಕಾಗದ ಮಾತ್ರ ಹೋಗುತ್ತದೆ, ಅಂದೆ.
ಅವನು ಸುಮ್ಮನೆ ನಿಂತ.

ಸ್ಕ್ಯಾನರಿನ ಮುಚ್ಚಳ ಎತ್ತಿದೆ.
ಅಂಗೈ ಕೆಳಗಾಗಿ ಗಾಜಿನ ಮೇಲಿಟ್ಟೆ.
ಮುಚ್ಚಳ ಪೂರ್ತಿ ಕೂರಲಿಲ್ಲ; ಸಂದಿಯಲ್ಲಿ
ಬೆಳಕಿನ ಗೆರೆ ಮಣಿಕಟ್ಟಿನಿಂದ ಹೊರಟು
ಮೂರು ಚಪ್ಪಟೆ ಬೆರಳುಗಳ ತುದಿಗೆ ಹೋಗಿ
ಅರೆಗಳಿಗೆ ನಿಂತು
ತಿರುಗಿ ಬಂತು.
ಲಗತ್ತು ನಾಲ್ಕು: ಕೈಗವಸು, ಒಂದು.

ಅರ್ಜಿಗೆ ಅರವತ್ತು ದಿರ್ಹಂ. ಸ್ಕ್ಯಾನಿನದು ಹಾಕಲಿಲ್ಲ.
ಧಾರಾಳವೇನಲ್ಲ, ಬಿಲ್ಲಿನಲ್ಲಿ ಏನೆಂದು ಬರೆಯಲಿ?
ನೋಟು ಚಾಚುತ್ತ ಅವನು ತಲೆ ತಗ್ಗಿಸಿದ:
'ಎಡಗೈಲೆ ಕೊಡ್ಲತ್ತೀನಿ.
ತಪ್ಪ ತಿಳ್ಕೋಬ್ಯಾಡ್ರಿ ಅಕ್ಕೋರೆ.'

ಸರದಿಯಲ್ಲಿ ಮುಂದಿನವನು ಹೊಸದಾಗಿ ಅಪ್ಪನಾದವನು,
ಕೂಸಿನ ಪಾಸ್‌ಪೋರ್ಟ್ ಫೋಟೊ ಹಿಡಿದು ನಗುತ್ತಿದ್ದ.
ಗಾಜು ಒರೆಸಿದೆ.
ಇನ್ನೊಮ್ಮೆ ಒರೆಸಿದೆ.