ಎರಡು ಕಿಲೋ ಕಡಿಮೆ

ಸಿದ್ದಾಪುರದ ಶಾಲೆಯಲ್ಲಿ ನಿನ್ನೆ ಮಕ್ಕಳನ್ನು ತೂಗಿದರು.
ಸಂಜೆ ಜೀಪು ಹತ್ತುವಾಗ ಎಲ್ಲರ ಕೈಯಲ್ಲೂ ಒಂದೊಂದು ಚೀಟಿ;
ಪೂವಯ್ಯನದರಲ್ಲಿ ಮಾತ್ರ ಕೆಂಪು ಶಾಯಿಯ ಸುತ್ತು.
ನಾಲ್ಕನೇ ಕ್ಲಾಸು. ನಲವತ್ತೆಂಟು ಕಿಲೋ.
"ಕಾಫಿ ಮೂಟೆ ಐವತ್ತಲ್ವಾ ಸುಬೈರಣ್ಣ,
ನಾನು ಎರಡು ಕಡಿಮೆ" ಅಂದ,
ಅಪ್ಪನ ಗೋದಾಮಿನ ಲೆಕ್ಕ ಗೊತ್ತಿರುವ ಹುಡುಗ.
ಹಿಂದಿನ ಸೀಟಿನಿಂದ ಯಾರೋ "ಮರಿಯಾನೆ" ಅಂದರು.
ಅವನೂ ನಕ್ಕ, ಎಲ್ಲರಿಗಿಂತ ಮೊದಲು.
ಇಳಿದು ಹೋದ ಮೇಲೆ ನೋಡಿದರೆ
ಚೀಟಿ ಸೀಟಿನ ಸಂದಿಯಲ್ಲಿ,
ಉಗುರಿನಷ್ಟಾಗುವ ತನಕ ಮಡಚಿ.

ಬಿಡಿಸಿ ಓದಿದೆ: ಕರಿದದ್ದು ಬೇಡ, ಬೇಕರಿ ಬೇಡ,
ದಿನಾ ಒಂದು ಗಂಟೆ ನಡೆಯಲಿ.
ನಡೆಯಲಿ.
ಎಲ್ಲಿ?

ನಾನು ಇದೇ ಶಾಲೆಗೆ ನಡೆದು ಹೋದವನು,
ಮಾಲ್ದಾರೆ ಕಡೆಯಿಂದ, ತೋಟದೊಳಗಿನ ದಾರಿಯಲ್ಲಿ,
ಜಿಗಣೆಗೆ ಕಾಲು ಕೊಟ್ಟು, ಪೇರಳೆಗೆ ಬಾಯಿ ಕೊಟ್ಟು.
ಈಗ ಅಲ್ಲಿ ಹಸಿ ಲದ್ದಿ, ಮುರಿದು ಬಿದ್ದ ಬೈನೆ.
ಕಾಡಿನ ಆನೆ ತೋಟಕ್ಕೆ ಬಂತು,
ಹಲಸು ತಿಂದು ಅಲ್ಲೇ ಉಳಿಯಿತು;
ತೋಟದ ಮಕ್ಕಳು ಜೀಪಿಗೆ ಬಂದರು.
ತಲೆಗೆ ತಿಂಗಳಿಗೆ ಒಂಬೈನೂರು,
ಹದಿನಾಲ್ಕು ಮಕ್ಕಳ ಪರವಾಗಿ ನಡೆಯುವುದು ನನ್ನ ಜೀಪು.
ಮನೆ ಬಾಗಿಲಲ್ಲಿ ಹತ್ತಿ ಶಾಲೆ ಬಾಗಿಲಲ್ಲಿ ಇಳಿಯುತ್ತವೆ,
ಸಂಜೆಯಾದರೆ ಅಂಗಳ ದಾಟುವಂತಿಲ್ಲ.
ಸೋಲಾರ್ ಬೇಲಿಯೊಳಗೆ ಚಿಪ್ಸು ತಿನ್ನುತ್ತಾ
ಟಿವಿಯಲ್ಲಿ ಯಾರೋ ಓಡುವುದನ್ನು ನೋಡುತ್ತವೆ.
ಜೀಪಿಗೆ ತಪ್ಪದೆ ಎಫ್‌ಸಿ ಮಾಡಿಸುತ್ತೇನೆ.
ನನ್ನ ಸಕ್ಕರೆ ಇನ್ನೂರ ಹತ್ತು; ಅದನ್ನು ಬರೆದ ಚೀಟಿಯೂ
ಇಲ್ಲೇ ಡ್ಯಾಶ್‌ಬೋರ್ಡಿನಲ್ಲಿ, ಮಡಚಿಯೇ ಇದೆ.

ಇವತ್ತು ಬೆಳಿಗ್ಗೆ ತಿರುವಿನಲ್ಲಿ ಒಂದು ಹೆಣ್ಣಾನೆ.
ಎಂಜಿನ್ ಆಫ್ ಮಾಡಿದೆ. ಹದಿನಾಲ್ಕು ಬಾಯಿ ಮುಚ್ಚಿದವು.
ರಸ್ತೆ ದಾಟಲು ಅದಕ್ಕೇನೂ ಅವಸರವಿಲ್ಲ,
ಹೊಟ್ಟೆ ಅತ್ತ ಇತ್ತ ತೂಗಿಸುತ್ತಾ, ಯಾರ ನಾಚಿಕೆಯೂ ಇಲ್ಲದೆ.
ಮರೆಯಾದ ಮೇಲೆ ಪೂವಯ್ಯ ಮೆಲ್ಲಗೆ,
"ಅದು ದಿನಾ ಎಷ್ಟು ನಡೆಯುತ್ತೆ?"
ರಾತ್ರಿಯಿಡೀ, ಅಂದೆ.
"ಆದ್ರೂ ದಪ್ಪ ಇದೆಯಲ್ಲ."
ಗೇರು ಹಾಕಿದೆ. ಉತ್ತರ ಹೊಳೆಯಲಿಲ್ಲ.

ಗದ್ದೆ ಬಯಲು ಬಂತು. ಮರವಿಲ್ಲ, ಬರೀ ಕೊಯ್ದ ಕೂಳೆ;
ಆನೆ ಇದ್ದರೆ ಅರ್ಧ ಮೈಲಿಯಿಂದಲೇ ಕಾಣುತ್ತದೆ.
ಯಾಕೋ ನಿಲ್ಲಿಸಿದೆ. ಇಳೀರಿ, ಮೋರಿ ತನಕ ನಡೀರಿ ಅಂದೆ.
ಫಸ್ಟ್ ಗೇರಿನಲ್ಲಿ ಹಿಂದೆ ಹಿಂದೆ ತೆವಳಿದೆ.
(ರಾತ್ರಿಯೊಳಗೆ ಯಾವುದಾದರೂ ತಾಯಿಯ ಫೋನು ಖಂಡಿತ:
ದುಡ್ಡು ಕೊಡೋದು ನಡೆಸೋದಕ್ಕಾ?)
ಉಳಿದವರು ಓಡಿದರು. ಇವನು ಕೊನೆಗೆ,
ಚಡ್ಡಿ ಮೇಲೆಳೆದುಕೊಳ್ಳುತ್ತಾ,
ಏಡಿಯ ಬಿಲಕ್ಕೊಂದು ಕಡ್ಡಿ ಹಾಕಿ ನೋಡಿ,
ಮೋರಿ ಮುಟ್ಟಿದಾಗ ಕಿವಿಯ ತನಕ ಕೆಂಪು,
ಒಂದು ಕಾಲಿನ ಬೂಟು ಒದ್ದೆ.

ಮುಂದಿನ ಸೀಟಿಗೆ ಹತ್ತಿದ.
ಸ್ಪ್ರಿಂಗು ಎಂದಿನಂತೆ ಕಿರ್ ಎಂದಿತು.
ನನಗೂ ಕೇಳಿಸಿತು, ಅವನಿಗೂ.
ಸ್ವಲ್ಪ ಹೊತ್ತು ಹೊರಗೆ ನೋಡುತ್ತಿದ್ದು, ಅಂದ:
"ಇದಕ್ಕೊಂಚೂರು ಎಣ್ಣೆ ಬಿಡಿ ಅಣ್ಣ,
ನಾನು ಹತ್ತಿದ್ದು ಊರಿಗೆಲ್ಲ ಹೇಳುತ್ತೆ."