ಅರ್ಧಾಣೆಯ ಮಗ್ಗುಲು

ಕೋಡಿಬಾಗದ ಮರಳಲ್ಲಿ ಆಟ.
ಸುತ್ತ ತೆಂಗಿನ ಗರಿಯ ತಟ್ಟಿ, ಮೇಲೆ ಬಯಲು,
ಹಳೆಯ ಮಚವೆಯ ಹಾಯಿಯೇ ಪರದೆ.
ಮುಂದೆ ಕೂತರೆ ಒಂದಾಣೆ, ಹಿಂದೆ ಕೂತರೆ ಅರ್ಧ.
ಹಿಂದಿನವರಿಗೂ ಚಿತ್ರ ಹಾಯಲೆಂದು
ಮೊದಲೇ ಕೊಡಗಟ್ಟಲೆ ನೀರೆರಚಿ
ಬಟ್ಟೆ ನೆನೆಸುತ್ತಿದ್ದರಂತೆ. ಉಪ್ಪುನೀರು.

ಪುರ್ಸು ಆ ಅರ್ಧಾಣೆಯನ್ನೂ ಕೊಟ್ಟವನಲ್ಲ,
ತಟ್ಟಿಯಡಿ ನುಸುಳಿದವನು.
ಒಂಬತ್ತು ವರ್ಷ. ಎಡಗೈ ಗೆಣ್ಣಿನ ಮೇಲೆ
ಪೆಡ್ನೇಕರ ಮಾಸ್ತರರ ಬೆತ್ತದ ಬಾಸುಂಡೆ.

ಮೊದಲು ಒಂದು ಕೈ ಬಂತು, ಕೈ ಮಾತ್ರ.
ನಿಜವಾದ ಕೈ, ಉಗುರಲ್ಲಿ ಕೊಳೆಯಿತ್ತು.
ದೌತಿಯಲ್ಲಿ ಟಾಕು ಅದ್ದಿ ಗೆರೆ ಎಳೆಯಿತು,
ಗೆರೆಗೊಂದು ಕಣ್ಣಿಟ್ಟಿತು,
ಗೆರೆ ಬಾಲ ಬಡಿಯಿತು.
ಮೀನು ಕಾಗದದಿಂದ ಮೇಜಿಗೆ, ಮೇಜಿನಿಂದ
ಆ ಮನುಷ್ಯನ ಟೋಪಿಗೆ.
ಅವನಿಗೆ ಮೀಸೆಯಿತ್ತು, ಹೊಟ್ಟೆಯಿತ್ತು, ಗೋಡೆಯ ಮೇಲೆ ನೆರಳಿತ್ತು.
ಮೀನಿಗೆ ನೆರಳಿರಲಿಲ್ಲ.
ಪುರ್ಸು ಅದನ್ನು ನೋಡಿದ.
ಅದಕ್ಕೂ ಮೊದಲು ನೋಡಿದ್ದು:
ಬರೆದದ್ದು ಎಡಗೈ.

ನಡುನಡುವೆ ಅಕ್ಷರ ಬರುತ್ತಿದ್ದವು,
ಇತ್ತ ಬೆನ್ನು ತಿರುಗಿಸಿ.
ಓದು ಬಾರದವರಿಗೆ ಯಾವ ಮಗ್ಗುಲಾದರೇನು?
ದೇವಗಡದ ದೀಪ ಸುತ್ತಿ ಬಂದಾಗಲೆಲ್ಲ
ಚಿತ್ರ ಗಂಜಿಯಷ್ಟು ತೆಳ್ಳಗಾಗಿ,
ಪೆಟ್ಟಿಗೆ ತಿರುಗಿಸುವವ ದೀಪಕ್ಕೇ ಬೈಯುತ್ತಿದ್ದ.

ಮೀನು ದೌತಿಗೆ ಮರಳಲೊಲ್ಲದು, ಕೈ ಬಿಡಲೊಲ್ಲದು.
ಪುರ್ಸು ಎದ್ದ. ಬೆರಳು ಚಾಚಿ ಹಾಯಿಯನ್ನು ಒತ್ತಿದ.
ಆ ಕಡೆ ಒಂದಾಣೆಯವರು ಹೋ ಎಂದರು:
ಪರದೆಯಲ್ಲೊಂದು ಗುಳ್ಳೆ ಎದ್ದಿತ್ತು,
ಮೀನು ಅದನ್ನು ಹತ್ತಿ ಇಳಿದು ಹೋಗಿತ್ತು.
ಬೆರಳಿಗೆ ಏನೂ ತಾಗಲಿಲ್ಲ, ಅಂದ. ತಂಪು ಅಷ್ಟೆ.

ಇದನ್ನು ಹೇಳಿದ್ದು ಬೈತಖೋಲದಲ್ಲಿ, ದೋಣಿಗೆ ಬಣ್ಣ ಬಳಿಯುತ್ತ;
ನಾನು ಡಬ್ಬಿ ಹಿಡಿಯುವ ಹುಡುಗ.
"ಎದುರು ಕೂತವರಿಗೆ ಬಲಗೈ ಕಂಡಿರಬೇಕಲ್ಲ?" ಅಂದೆ.
ಕುಂಚ ನಿಲ್ಲಲಿಲ್ಲ.
"ಅವರು ಒಂದಾಣೆ ಕೊಟ್ಟಿದ್ದರು ಮಾರಾಯ."

ದೋಣಿಯ ಎರಡು ಮಗ್ಗುಲಿಗೂ ಮೀನು ಬೇಕು,
ಎರಡೂ ಮುಂದಕ್ಕೇ ಈಜಬೇಕು;
ಅಂದರೆ ಒಂದು ಇನ್ನೊಂದರ ತಿರುವು.
ಒಂದನ್ನು ನನಗೆ ಬಿಡುತ್ತಿದ್ದ,
ಇನ್ನೊಂದನ್ನು ಯಾರಿಗೂ ಮುಟ್ಟಗೊಡಲಿಲ್ಲ.
ಹೊಟ್ಟೆಯಡಿ ಒಂದಿಷ್ಟು ನೆರಳು ತೀಡಲು ಹೋದರೆ
ಮೊಣಕೈಯಿಂದ ನನ್ನನ್ನು ಆಚೆ ದೂಡುತ್ತಿದ್ದ,
ಎಡ ಮೊಣಕೈಯಿಂದ.